ನಾಲ್ಕನೆಯ ತಲೆಯ ಹೆಸರು

ಶ್ರಾದ್ಧದ ದಿನ ಪುರೋಹಿತರು ಕೇಳುವ ಹೆಸರುಗಳು ಮೂರು. ತಂದೆ, ತಂದೆಯ ತಂದೆ, ಆತನ ತಂದೆ. ಮೊದಲನೆಯವನು ವಸುರೂಪಿ, ಎರಡನೆಯವನು ರುದ್ರರೂಪಿ, ಮೂರನೆಯವನು ಆದಿತ್ಯರೂಪಿ. ದರ್ಭೆ ಹಿಡಿದು ಕುಳಿತ ಯಜಮಾನನು ಈ ಮೂರನ್ನು ತಡವರಿಸದೆ ಹೇಳಿದರೆ ಆಯಿತು. ಮೂರನೆಯವನ ತಂದೆ ಯಾರೆಂದು ಯಾರೂ ಕೇಳುವುದಿಲ್ಲ. ಶಾಸ್ತ್ರವೂ ಆತನಿಗೆ ಪ್ರತ್ಯೇಕವಾದ ಪಿಂಡವನ್ನು ವಿಧಿಸಿಲ್ಲ. ಪಿಂಡವಿಟ್ಟ ಕೈಯನ್ನು ದರ್ಭೆಗೆ ಒರೆಸುವಾಗ ಅಂಟಿ ಉಳಿಯುವ ಅನ್ನದ ಲೇಪವುಂಟಲ್ಲ, ಅದು ನಾಲ್ಕನೆಯವನಿಗೂ ಅವನ ಹಿಂದಿನ ಇಬ್ಬರಿಗೂ ಸಲ್ಲತಕ್ಕದ್ದು. ಅವರಿಗೆ ‘ಲೇಪಭಾಜ’ರೆಂದು ಹೆಸರು. ಅಜ್ಜ, ಮುತ್ತಜ್ಜ ಎಂಬಲ್ಲಿಗೆ ನಮ್ಮ ಮನೆಮಾತು ಕೂಡ ನಿಂತುಬಿಡುತ್ತದೆ. ಮುತ್ತಜ್ಜನ ಅಪ್ಪನನ್ನು ‘ಮುತ್ತಜ್ಜನ ಅಪ್ಪ’ ಎಂದೇ ಕರೆಯಬೇಕು.

ನಗರಗಳಲ್ಲಿ ನೆಲೆಸಿದ ಕುಟುಂಬಗಳಲ್ಲಿ ವಂಶವೃಕ್ಷವನ್ನು ಬರೆಯುವ ಹವ್ಯಾಸ ಈಚೆಗೆ ಹಬ್ಬಿದೆ. ನಿವೃತ್ತರಾದ ದೊಡ್ಡಪ್ಪನೋ, ಪರದೇಶದಲ್ಲಿರುವ ಮೊಮ್ಮಗಳೋ ಒಂದು ದೊಡ್ಡ ಕಾಗದವನ್ನು ಹರಡಿಕೊಂಡು ಕೂರುತ್ತಾರೆ. ಕಾಗದದ ಕೆಳತುದಿಯಲ್ಲಿ ಹೆಸರುಗಳಿಗೆ ಸ್ಥಳವೇ ಸಾಲದು. ಮೇಲೇರಿದಂತೆ ಕೊಂಬೆಗಳು ವಿರಳವಾಗಿ, ನಾಲ್ಕನೆಯ ತಲೆಗೆ ಬರುವ ವೇಳೆಗೆ ಒಂದು ಪ್ರಶ್ನಾರ್ಥಕ ಚಿಹ್ನೆ ಮಾತ್ರ ಉಳಿಯುತ್ತದೆ. ಆ ಚಿಹ್ನೆಯ ಜಾಗದಲ್ಲಿ ಒಬ್ಬ ಮನುಷ್ಯನನ್ನು ಕೂರಿಸುವ ಕೆಲಸ ಎಷ್ಟು ಕಷ್ಟವೆಂಬುದು ಕೈಹಾಕಿದವರಿಗೇ ಗೊತ್ತು.

ಗೋತ್ರಪ್ರವರಗಳನ್ನು ನಂಬಿ ಹೊರಟವರಿಗೆ ಮೊದಲ ನಿರಾಶೆ ಅಲ್ಲಿಯೇ ಕಾದಿರುತ್ತದೆ. ಪ್ರವರವು ಒಂದೇ ನೆಗೆತಕ್ಕೆ ಋಷಿಗಳ ಕಾಲಕ್ಕೆ ಹಾರಿಬಿಡುತ್ತದೆ. ಮುತ್ತಜ್ಜನಿಗೂ ಭರದ್ವಾಜನಿಗೂ ನಡುವೆ ಬದುಕಿ ಬಾಳಿದ ಅಸಂಖ್ಯಾತರ ಬಗೆಗೆ ಅದರಲ್ಲಿ ಒಂದಕ್ಷರವೂ ಇಲ್ಲ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ನಮ್ಮ ಪದ್ಧತಿ ಇನ್ನೊಂದು ತೊಡಕು. ರಾಮಯ್ಯನ ಮಗ ನರಸಯ್ಯ, ನರಸಯ್ಯನ ಮಗ ರಾಮಯ್ಯ, ಮತ್ತೆ ನರಸಯ್ಯ. ಹಳೆಯ ಪತ್ರವೊಂದರಲ್ಲಿ ‘ನರಸಯ್ಯನ ಮಗ ರಾಮಯ್ಯ’ ಎಂದು ಕಂಡರೆ ಅವನು ಎಷ್ಟನೆಯ ರಾಮಯ್ಯನೆಂದು ಯಾರು ಹೇಳಬೇಕು? ದತ್ತು ಹೋದವನಾದರೆ ಕಥೆ ಮುಗಿಯಿತು. ಹೆತ್ತ ತಂದೆಯ ಹೆಸರು ಗೋತ್ರದ ಸಮೇತ ಅಳಿಸಿಹೋಗಿರುತ್ತದೆ.

ಕಾಲನಿರ್ಣಯಕ್ಕೆ ಬಂದರೆ ಸಂವತ್ಸರಗಳ ತಂಟೆ ಬೇರೆ. ಹಳೆಯ ಕಾಗದಗಳಲ್ಲಿ ಎಷ್ಟೋ ವೇಳೆ ಶಕವರ್ಷವಿಲ್ಲದೆ ‘ಈಶ್ವರ ಸಂವತ್ಸರದ ಮಾಘ ಶುದ್ಧ ಪಂಚಮಿ’ ಎಂದಷ್ಟೇ ಇರುತ್ತದೆ. ಆ ಈಶ್ವರವು 1877ರ ಯುಗಾದಿಗೆ ಆರಂಭವಾದದ್ದೋ, ಅದಕ್ಕೆ 60 ವರ್ಷ ಹಿಂದಿನ 1817ರದೋ? ಅರವತ್ತು ವರ್ಷವೆಂದರೆ ಎರಡು ತಲೆಮಾರು. ಅಜ್ಜನು ಮಾಡಿದ ಕ್ರಯವನ್ನು ಮೊಮ್ಮಗನ ತಲೆಗೆ ಕಟ್ಟಲು ಇಷ್ಟು ಗೊಂದಲ ಸಾಕು. ಇಬ್ಬರ ಹೆಸರೂ ಒಂದೇ ಆಗಿದ್ದರಂತೂ ಕೇಳಬೇಕಾದದ್ದೇ ಇಲ್ಲ.

ಇಷ್ಟೆಲ್ಲ ಇದ್ದರೂ ಕೆಲವು ಮನೆತನಗಳಲ್ಲಿ ಏಳೆಂಟು ತಲೆಗಳ ಹೆಸರು ಉಳಿದುಬಂದಿರುವುದುಂಟು. ಅದನ್ನು ಉಳಿಸಿದವರು ಮಾತ್ರ ಮನೆಯವರಲ್ಲ, ಹೊರಗಿನವರು. ಅವರು ನೆನಪಿಟ್ಟುಕೊಂಡದ್ದಕ್ಕೆ ಕಾರಣ, ಆ ಮನೆಯಿಂದ ಅವರಿಗೆ ಬರಬೇಕಾದದ್ದೊಂದು ಇತ್ತು. ಅಜ್ಜನನ್ನು ಹುಡುಕುವವರು ಮೊದಲು ಕೇಳಬೇಕಾದ ಪ್ರಶ್ನೆ, ಆತನು ಯಾರು ಎಂಬುದಕ್ಕಿಂತ, ಯಾರಿಗೆ ಏನನ್ನು ಕೊಡುತ್ತಿದ್ದನು ಎಂಬುದು.

ಉತ್ತರ ಕರ್ನಾಟಕದ ಹಳ್ಳಿಗಳನ್ನು ಬಲ್ಲವರಿಗೆ ಹೆಳವರ ಪರಿಚಯ ಬೇಕಾಗಿಲ್ಲ. ಸುಗ್ಗಿ ಮುಗಿದು ಕಣದಲ್ಲಿ ರಾಶಿಯಾದ ಮೇಲೆ, ಎತ್ತಿನ ಮೇಲೆ ಕುಳಿತು, ಕಾಲುಗಳನ್ನು ಕಂಬಳಿಯಿಂದ ಮುಚ್ಚಿಕೊಂಡು, ಮನೆಯ ಮುಂದೆ ಬಂದು ನಿಂತು ವಂಶವನ್ನು ಹೊಗಳುವವನು ಹೆಳವ. ಹೆಳವನೆಂದರೆ ಕುಂಟ. ಕಾಲು ನೆಟ್ಟಗಿದ್ದರೂ ಮುಚ್ಚಿಕೊಳ್ಳುವುದು ಅವನ ವೃತ್ತಿಯ ಲಾಂಛನ. ಮೂಲಪುರುಷನು ಕಾಲಿಲ್ಲದವನಾಗಿದ್ದನೆಂದು ಅವರ ಐತಿಹ್ಯ. ಎಡ್ಗರ್ ಥರ್ಸ್ಟನ್ ಅವರು ಕೆ. ರಂಗಾಚಾರಿಯವರ ನೆರವಿನಿಂದ 1909ರಲ್ಲಿ ಏಳು ಸಂಪುಟಗಳಲ್ಲಿ ಹೊರತಂದ ದಕ್ಷಿಣ ಭಾರತದ ಜಾತಿಗಳ ಗ್ರಂಥದಲ್ಲಿಯೂ ಬಳ್ಳಾರಿ ಸೀಮೆಯ ಹೆಳವರ ವರ್ಣನೆ ಇದೆ. ಎತ್ತು, ಕಂಬಳಿ, ಮನೆಮನೆಯ ಚರಿತ್ರೆ, ಯುದ್ಧದಲ್ಲಿ ಮಡಿದ ವೀರರ ಹೆಸರು, ಎಲ್ಲವೂ ಅಲ್ಲಿ ಉಂಟು.

ಹೆಳವರಲ್ಲಿ ಒಂದೊಂದು ಕುಟುಂಬಕ್ಕೆ ಇಂತಿಷ್ಟು ಒಕ್ಕಲುಮನೆಗಳೆಂದು ಪರಂಪರೆಯಿಂದ ಹಂಚಿಕೆಯಾಗಿರುತ್ತದೆ. ಬಂದಾಗಲೆಲ್ಲ ಮನೆಯ ಮೂಲಸ್ಥಳ, ಬೆಡಗು, ಯಾವ ಅಣ್ಣತಮ್ಮಂದಿರು ಯಾವ ಊರಿಗೆ ಒಡೆದುಹೋದರು ಎಂಬುದನ್ನು ಒಪ್ಪಿಸಿ, ಹಿಂದಿನ ಭೇಟಿಯ ನಂತರ ಹುಟ್ಟಿದ ಮಕ್ಕಳ ಹೆಸರನ್ನು ಸೇರಿಸಿಕೊಳ್ಳುತ್ತಾರೆ. ಒಂದು ಕಾಲಕ್ಕೆ ತಾಳೆಗರಿಯಲ್ಲಿಯೂ ತಾಮ್ರದ ತಗಡಿನಲ್ಲಿಯೂ ಇದ್ದದ್ದು ಆಮೇಲೆ ಹೊತ್ತಗೆಗಳಿಗೆ ಬಂತು. ಇದಕ್ಕೆಲ್ಲ ಪ್ರತಿಫಲ ಕಾಳು, ಬಟ್ಟೆ, ಪಾತ್ರೆ, ಕೈ ದೊಡ್ಡದಾದ ಮನೆಯಾದರೆ ಒಂದು ಕರು. ಹೆಳವನು ಹೇಳುವ ಹೆಸರುಗಳೆಲ್ಲವನ್ನೂ ಕಣ್ಣುಮುಚ್ಚಿ ಒಪ್ಪಬೇಕೆಂದಲ್ಲ. ನಾಲ್ಕೈದು ತಲೆಗಳವರೆಗೆ ಅವನ ಲೆಕ್ಕ ನೆಲದ ಮೇಲೆ ನಡೆಯುತ್ತದೆ. ಅದರ ಆಚೆಗೆ ಅರಸರೂ ಶರಣರೂ ಕಾಣಿಸಿಕೊಳ್ಳತೊಡಗಿದರೆ, ಕರುವಿನ ಆಸೆ ಕಥೆಯನ್ನು ಬೆಳೆಸುತ್ತಿದೆಯೆಂದು ಊಹಿಸಬಹುದು. ಒಕ್ಕಲು ಪಟ್ಟಣಕ್ಕೆ ಹೋಗಿ ಮೂರನೆಯ ಮಹಡಿಯಲ್ಲಿ ಮನೆಮಾಡಿದ ಮೇಲೆ ಎತ್ತು ಅಲ್ಲಿಗೆ ಹತ್ತಲಾರದು. ವಂಶವೃಕ್ಷವನ್ನು ಬರೆಯಹೊರಟ ಪಟ್ಟಣದವರು ಎಲ್ಲೆಲ್ಲಿಯೋ ಅಲೆಯುವುದಕ್ಕೆ ಮುಂಚೆ, ತಮ್ಮ ಹಳ್ಳಿಗೆ ಬರುತ್ತಿದ್ದ ಹೆಳವನು ಯಾವ ಊರಿನವನೆಂದು ವಿಚಾರಿಸುವುದು ಮೇಲು.

ಕ್ಷೇತ್ರಗಳ ಪಂಡರದೂ ಇದೇ ಬಗೆಯ ವಿದ್ಯೆ. ಹರಿದ್ವಾರ, ಪ್ರಯಾಗ, ಗಯೆ, ನಾಸಿಕ, ತ್ರ್ಯಂಬಕಗಳಲ್ಲಿ ಯಾತ್ರಿಕರು ರೈಲಿನಿಂದ ಇಳಿಯುವ ಮೊದಲೇ ‘ಯಾವ ಜಿಲ್ಲೆ, ಯಾವ ಊರು?’ ಎಂಬ ಪ್ರಶ್ನೆ ಎದುರಾಗುತ್ತದೆ. ಅದು ಬರಿಯ ಕುತೂಹಲವಲ್ಲ. ಅವರ ಬಹಿಗಳು ಜೋಡಿಸಲ್ಪಟ್ಟಿರುವುದೇ ಊರಿನ ಕ್ರಮದಲ್ಲಿ. ಊರು ಗೊತ್ತಾದರೆ ಪಂಡನು ಗೊತ್ತಾದಂತೆ. ಪಂಡನು ಸಿಕ್ಕಿದರೆ, ನೂರು ವರ್ಷಗಳ ಹಿಂದೆ ಕಾಲುನಡಿಗೆಯಲ್ಲಿ ಬಂದ ಮುತ್ತಜ್ಜನು ತನ್ನ ಕೈಯಾರೆ ಬರೆದ ಸಾಲು ಸಿಕ್ಕಲೂಬಹುದು. ಗಯೆಯ ಗಯಾವಾಳರು ಮಧ್ವಮತದ ಅನುಯಾಯಿಗಳು. ಕನ್ನಡನಾಡಿಗೂ ಅವರಿಗೂ ಹಳೆಯ ನಂಟು. ಹರಿದ್ವಾರದ ಬಹಿಗಳ ಬೆಲೆಯನ್ನು ದೂರದವರೂ ಅರಿತರು. ಅಮೆರಿಕದ ಯೂಟಾ ಸಂಸ್ಥಾನದ ವಂಶಾವಳಿ ಸಂಘದವರು 1977ರಿಂದ ಅವುಗಳ ಸೂಕ್ಷ್ಮಚಿತ್ರಗಳನ್ನು ತೆಗೆಯತೊಡಗಿದರು.

ಆದರೆ ಊರೇ ಗೊತ್ತಿಲ್ಲದವರ ಗತಿ? ಅಂಥವರಿಗೆ ಮನೆಯೊಳಗೇ ಎರಡು ಮೂರು ಸುಳಿವುಗಳಿರುತ್ತವೆ. ಹೆಸರಿನ ಮುಂದಿನ ಮೊದಲಕ್ಷರವು ಎಷ್ಟೋ ವೇಳೆ ಮುತ್ತಜ್ಜನ ಗ್ರಾಮ. ಪಂಗಡದ ಹೆಸರೇ ಭೂಗೋಳವನ್ನು ಹೇಳುವುದುಂಟು; ಬಡಗನಾಡು, ಬಬ್ಬೂರುಕಮ್ಮೆ ಎಂಬ ಮಾತುಗಳನ್ನು ಒಡೆದುನೋಡಿದರೆ ಸಾಕು. ಎಲ್ಲಕ್ಕಿಂತ ಗಟ್ಟಿಯಾದದ್ದು ಕುಲದೇವತೆ. ಬೆಂಗಳೂರಿನಲ್ಲಿ ನೆಲೆಸಿ ನಾಲ್ಕು ತಲೆಯಾದ ಮನೆಯವರು ಮುಡಿಪನ್ನು ಹೊತ್ತು ಸನ್ನತಿಯ ಚಂದ್ರಲಾಂಬೆಗೋ ಸವದತ್ತಿಯ ಎಲ್ಲಮ್ಮನಿಗೋ ಹೋಗುತ್ತಾರೆಂದರೆ, ಹಿರಿಯರು ಬಂದ ದಾರಿ ಯಾವುದೆಂದು ಹೇಳಲು ಬೇರೆ ತಾಮ್ರಪಟ ಬೇಕಾಗಿಲ್ಲ. ಮನುಷ್ಯರು ಮನೆ, ಹೊಲ, ಮಾತಿನ ಧಾಟಿಯನ್ನು ಕೂಡ ಬಿಟ್ಟಾರು. ಹರಕೆಯನ್ನು ಬಿಡಲು ಹೆದರುತ್ತಾರೆ.

ಕೊಡುವುದರ ಮಾತು ಬಂದಮೇಲೆ ಸರ್ಕಾರವನ್ನು ಮರೆಯಲಾದೀತೆ? ಕಂದಾಯವನ್ನು ಕೊಟ್ಟವನ ಹೆಸರು ಶಾನುಭೋಗರ ಕಡತದಲ್ಲಿ ಇದ್ದೇ ಇರುತ್ತಿತ್ತು. ಹುಣಿಸೆಬೀಜದ ಅಂಟು ಇದ್ದಿಲುಗಳನ್ನು ಬಳಿದು ಕಪ್ಪಾಗಿಸಿದ ಬಟ್ಟೆಯ ಮಡಿಕೆಗಳ ಮೇಲೆ ಬಳಪದಿಂದ ಬರೆದ ಆ ಕಡತಗಳು ಶತಮಾನಗಳನ್ನು ದಾಟಿ ಬಂದಿವೆ. ಶೃಂಗೇರಿಯ ಮಠದಲ್ಲಿ ಅಂಥವುಗಳ ದೊಡ್ಡ ಸಂಗ್ರಹವೇ ಇದೆ. ಕಂದಾಯದ ವಿನಾಯಿತಿ ಪಡೆದವನ ವಿಷಯದಲ್ಲಂತೂ ಸರ್ಕಾರದ ಆಸ್ಥೆ ಇನ್ನೂ ಹೆಚ್ಚು. ಮುಂಬಯಿ ಪ್ರಾಂತದಲ್ಲಿ 1852ರ 11ನೆಯ ಕಾಯಿದೆಯ ಮೇರೆಗೆ, ಮದರಾಸು ಪ್ರಾಂತದಲ್ಲಿ 1858ರಿಂದ, ಇನಾಮು ಕಮೀಷನ್ನಿನ ಅಧಿಕಾರಿಗಳು ‘ಈ ಭೂಮಿ ನಿನಗೆ ಹೇಗೆ ಬಂತು?’ ಎಂದು ಕೇಳತೊಡಗಿದರು. ಯಾವ ಅರಸು, ಯಾರಿಗೆ, ಏತಕ್ಕೆ ಕೊಟ್ಟನು, ಅವನಿಂದ ಈಗಿನವನವರೆಗೆ ಬಂದ ಕ್ರಮವೇನು ಎಂಬುದನ್ನು ಇನಾಮುದಾರನು ಸಿದ್ಧಪಡಿಸಬೇಕಾಯಿತು. ಶ್ರಾದ್ಧಕ್ಕೆ ಮೂರು ಹೆಸರು ಸಾಕಾಗಿದ್ದವನು ಜಮೀನಿಗಾಗಿ ಆರು ಹೆಸರನ್ನು ನೆನಪುಮಾಡಿಕೊಂಡನು. ಪಿತೃಭಕ್ತಿಗಿಂತ ಭೂಮಿಯ ಭಯ ದೊಡ್ಡದೆಂದರೆ ಹಿರಿಯರು ಕೋಪಿಸಿಕೊಳ್ಳಬಾರದು.

ಈ ದಾಖಲೆಗಳು ಇಂದು ಒಂದೇ ಕಡೆ ಇಲ್ಲ. 1956ರ ನವೆಂಬರ್ 1ಕ್ಕೆ ಮುಂಚೆ ಅಜ್ಜನ ಊರು ಯಾರ ಆಡಳಿತದಲ್ಲಿತ್ತು ಎಂಬುದರ ಮೇಲೆ ಹುಡುಕಾಟದ ದಿಕ್ಕು ನಿಲ್ಲುತ್ತದೆ. ಹಳೆಯ ಮೈಸೂರಿನವರು ವಿಧಾನಸೌಧದಲ್ಲಿರುವ ರಾಜ್ಯ ಪತ್ರಾಗಾರಕ್ಕೆ ಹೋದರೆ, ಮಂಗಳೂರು ಬಳ್ಳಾರಿಗಳವರು ಚೆನ್ನೈಗೆ, ಧಾರವಾಡ ಬೆಳಗಾವಿಗಳವರು ಪುಣೆ ಮುಂಬಯಿಗಳಿಗೆ, ಕಲಬುರಗಿ ರಾಯಚೂರುಗಳವರು ಹೈದರಾಬಾದಿಗೆ ಹೋಗಬೇಕು. ಅಲ್ಲಿ ಕನ್ನಡದ ಅಜ್ಜನು ಮೋಡಿ ಲಿಪಿಯಲ್ಲಿಯೋ ಫಾರಸಿಯಲ್ಲಿಯೋ ಅವಿತಿರುತ್ತಾನೆ. ಇನ್ನು ಗ್ರಾಮಾಧಿಕಾರಗಳನ್ನು ರದ್ದುಗೊಳಿಸಿದ 1961ರ ಕಾಯಿದೆ 1963ರಲ್ಲಿ ಜಾರಿಗೆ ಬಂದು ಶಾನುಭೋಗಿಕೆ ಮುಗಿದಾಗ, ವಂಶಪಾರಂಪರ್ಯವಾಗಿ ಮನೆಯಲ್ಲಿದ್ದ ಹಳೆಯ ಕಾಗದಗಳಿಗೆ ವಾರಸುದಾರರೇ ಇಲ್ಲವಾಯಿತು. ಅಟ್ಟ ಸೇರಿದವು ಗೆದ್ದಲಿಗೆ, ಕೆಳಗಿದ್ದವು ನೀರೊಲೆಗೆ.

ಮೇಲೆ ಹೇಳಿದವರೆಲ್ಲರ ಪುಸ್ತಕಗಳಲ್ಲಿ ಸಮಾನವಾದ ಒಂದು ಕೊರತೆಯುಂಟು. ಹೆಂಗಸರಿಲ್ಲ. ಕಾಳು ಕಣಜದಿಂದ ಬಂದದ್ದಾದರೂ ಅಳೆದುಕೊಟ್ಟವಳ ಹೆಸರನ್ನು ಹೆಳವನು ಬರೆದುಕೊಳ್ಳಲಿಲ್ಲ. ಭೂಮಿಯಿಲ್ಲದವಳನ್ನು ಇನಾಮು ಕಮೀಷನ್ ಕೇಳಲಿಲ್ಲ. ಮದುವೆಯ ದಿನ ಹೆಸರನ್ನೇ ಬದಲಿಸುವ ಪದ್ಧತಿಯಿದ್ದ ಮನೆಗಳಲ್ಲಿ ಅಜ್ಜಿಯ ತವರಿನ ಹೆಸರು ಆಕೆಯ ಮಕ್ಕಳಿಗೇ ತಿಳಿದಿರುತ್ತಿರಲಿಲ್ಲ. ತುಳುನಾಡಿನ ಅಳಿಯಸಂತಾನದ ಮನೆಗಳಲ್ಲಿ ಮಾತ್ರ ಎಲ್ಲವೂ ತಿರುಗುಮುರುಗು. ಅಲ್ಲಿ ಬಳಿ ಬರುವುದು ತಾಯಿಯಿಂದ; ಅಜ್ಜಿಯಿಂದ ಅಜ್ಜಿಗೆ ದಾರಿ ಸಲೀಸು, ಕೈಗೆ ಸಿಕ್ಕದವನು ಅಪ್ಪನ ಅಪ್ಪ.

ಈ ಕೊರತೆ ಬಡವರ ಮನೆಗಷ್ಟೇ ಅಂಟಿದ್ದಲ್ಲ. ನಮ್ಮ ಆದಿಕವಿ ಪಂಪನನ್ನೇ ನೋಡಬಹುದು. 941ರ ಸುಮಾರಿಗೆ ವಿಕ್ರಮಾರ್ಜುನ ವಿಜಯವನ್ನು ಮುಗಿಸಿದ ಆತನು ತನ್ನ ವಂಶವನ್ನು ಬಾಯ್ತುಂಬ ಹೇಳಿಕೊಂಡಿದ್ದಾನೆ. ಮಾಧವ ಸೋಮಯಾಜಿ, ಅವನ ಮಗ ಅಭಿಮಾನಚಂದ್ರ, ಅವನ ಮಗ ಕೊಮರಯ್ಯ, ಅವನ ಮಗ ಜೈನಧರ್ಮವನ್ನು ಹಿಡಿದ ಭೀಮಪಯ್ಯ. ಶ್ರಾದ್ಧದ ಲೆಕ್ಕಕ್ಕಿಂತ ಒಂದು ತಲೆ ಹೆಚ್ಚೇ ಆಯಿತು. ಆದರೆ ತಾಯಿಯ ಹೆಸರು? ಸಾವಿರ ವರ್ಷಗಳ ಕಾಲ ಅದು ಕನ್ನಡಿಗರಿಗೆ ತಿಳಿಯಲಿಲ್ಲ. ಈಗಿನ ತೆಲಂಗಾಣದ ಕರೀಂನಗರದ ಕಡೆಯ ಕುರ್ಕ್ಯಾಲದಲ್ಲಿ, ಪಂಪನ ತಮ್ಮ ಜಿನವಲ್ಲಭನು ಬಂಡೆಯ ಮೇಲೆ ಕೆತ್ತಿಸಿದ ಶಾಸನ 20ನೆಯ ಶತಮಾನದಲ್ಲಿ ವಿದ್ವಾಂಸರ ಕಣ್ಣಿಗೆ ಬಿದ್ದಾಗ ಆಕೆ ಬೆಳಕಿಗೆ ಬಂದಳು: ಅಬ್ಬಣಬ್ಬೆ, ಬೆಳ್ವೊಲದ ಅಣ್ಣಿಗೇರಿಯ ಜೋಯಿಸ ಸಿಂಘನ ಮನೆಯ ಹೆಣ್ಣು. ಬನವಾಸಿಯನ್ನು ಕೊಂಡಾಡಿದ ಕವಿಗೆ ಅಣ್ಣಿಗೇರಿಯಲ್ಲಿ ಅಜ್ಜಿಮನೆಯಿತ್ತೆಂದು ತಿಳಿದದ್ದು ಹೀಗೆ. ಕವಿಯ ಕಾವ್ಯದಲ್ಲಿ ಸಿಕ್ಕದ ತಾಯಿ ತಮ್ಮನ ಕಲ್ಲಿನಲ್ಲಿ ಸಿಕ್ಕಿದಳು. ಹುಡುಕುವವರು ನೇರವಾದ ಗೆರೆಯನ್ನಷ್ಟೇ ಹಿಡಿದು ಹೋಗದೆ ಅಜ್ಜನ ತಮ್ಮಂದಿರ ಮನೆಗಳ ಹಳೆಯ ಪೆಟ್ಟಿಗೆಗಳನ್ನೂ ತೆಗೆಸಬೇಕು.

ಇಷ್ಟರಮೇಲೆ, ಯಾರಿಗೂ ಏನನ್ನೂ ಕೊಡಲಾರದೆ ಹೋದವರು ಉಂಟಲ್ಲ? ಹೊಲವಿಲ್ಲ, ಇನಾಮಿಲ್ಲ, ಕಾಶೀಯಾತ್ರೆಯ ಮಾತೇ ಇಲ್ಲ. ಧಾತು ಈಶ್ವರ ಸಂವತ್ಸರಗಳ ಬರದಲ್ಲಿ, ಎಂದರೆ 1876ರಿಂದ 78ರವರೆಗೆ, ಮೈಸೂರು ಸೀಮೆಯಲ್ಲಿ ಸತ್ತವರ ಹೆಸರನ್ನು ಯಾವ ಹೊತ್ತಗೆ ಇಟ್ಟಿದೆ? 1871ರ ಗಣತಿಯಲ್ಲಿ ಐವತ್ತು ಲಕ್ಷವನ್ನು ಮೀರಿದ್ದ ಜನಸಂಖ್ಯೆ 1881ರಲ್ಲಿ ನಲವತ್ತೆರಡು ಲಕ್ಷಕ್ಕಿಂತಲೂ ಕೆಳಗೆ ಇಳಿದಿತ್ತು ಎಂಬ ಅಂಕಿ ಮಾತ್ರ ಉಳಿದಿದೆ. ಎಷ್ಟೋ ವಂಶವೃಕ್ಷಗಳು ಅಲ್ಲಿಗೆ ಬಂದು ನಿಲ್ಲುವುದು ಆಕಸ್ಮಿಕವಲ್ಲ. ಅಂಥ ದಿನಗಳಲ್ಲಿ ಊರು ಬಿಟ್ಟ ಬಡವರ ಗುರುತು ಸಿಕ್ಕುವುದು ಅಸಾಧ್ಯವೆಂದೇ ತೋರುತ್ತದೆ. ಆದರೆ ಅವರಲ್ಲಿ ಒಂದು ವರ್ಗದವರ ಗುರುತು, ಇನಾಮುದಾರನದಕ್ಕಿಂತಲೂ ಸ್ಪಷ್ಟವಾಗಿ, ಕಾಲಿನ ಮಚ್ಚೆಯ ಸಮೇತ ಉಳಿದಿದೆ. ಕರಾರಿನ ಕೂಲಿಗಳಾಗಿ ಹಡಗನ್ನು ಹತ್ತಿದವರು ಅವರು.

ಗಾಯುತ್ರ ಬಹಾದೂರ್ ಎಂಬ ಪತ್ರಕರ್ತೆ ದಕ್ಷಿಣ ಅಮೆರಿಕದ ಗಯಾನಾದಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ಅಮೆರಿಕದ ಸಂಯುಕ್ತ ಸಂಸ್ಥಾನಕ್ಕೆ ಹೋಗಿ ಬೆಳೆದವರು. ಅವರ ಮುತ್ತಜ್ಜಿಯ ಹೆಸರು ಸುಜಾರಿಯಾ. ಮನೆಯಲ್ಲಿ ಉಳಿದಿದ್ದದ್ದು ಆ ಹೆಸರು, ಜೊತೆಗೆ ಒಂದಿಷ್ಟು ಮಾತು. ಗಾಯುತ್ರರು ಹುಡುಕುತ್ತ ಹೋದಾಗ 1903ರ ವಲಸೆಪತ್ರವೊಂದು ಸಿಕ್ಕಿತು. ಬಿಹಾರದ ಛಪ್ರಾ ಸೀಮೆಯ ಹಳ್ಳಿ, ವಯಸ್ಸು 27, ಜಾತಿ ಬ್ರಾಹ್ಮಣ, ನಾಲ್ಕು ತಿಂಗಳ ಗರ್ಭಿಣಿ, ಕಾಲಿನ ಮೇಲೆ ಸುಟ್ಟ ಗಾಯದ ಕಲೆ. ಜೊತೆಗೆ ಗಂಡನಿಲ್ಲ. ಕಲಕತ್ತೆಯಲ್ಲಿ ‘ಕ್ಲೈಡ್’ ಎಂಬ ಹಡಗನ್ನು ಒಬ್ಬಳೇ ಹತ್ತಿದ ಆಕೆ ನಡುಗಡಲಿನಲ್ಲಿ ಗಂಡುಮಗುವನ್ನು ಹೆತ್ತಳು. ಆ ಮಗುವೇ ಗಾಯುತ್ರರ ತಾತ. ವಂಶವೃಕ್ಷದ ಬೇರು ನೀರಿನ ಮೇಲೆ ಊರಿತು.

ಹೆಂಗಸರನ್ನು ಹೆಸರಿಸದ ಲೋಕದಲ್ಲಿ ಈ ಒಬ್ಬಳ ಎತ್ತರ, ವಯಸ್ಸು, ಗಾಯದ ಕಲೆಯವರೆಗೆ ಬರೆದಿಟ್ಟದ್ದು ಏಕೆ? ಆಕೆ ಐದು ವರ್ಷಗಳ ದುಡಿಮೆಯನ್ನು ಕೊಡಬೇಕಾಗಿತ್ತು. ಓಡಿಹೋದರೆ ಹಿಡಿಯುವುದಕ್ಕೆ, ಸತ್ತರೆ ಲೆಕ್ಕದಿಂದ ತೆಗೆಯುವುದಕ್ಕೆ ಗುರುತು ಬೇಕಾಗಿತ್ತು. ಹೀಗೆ 1838ರಿಂದ 1917ರವರೆಗೆ ಗಯಾನಾವೊಂದಕ್ಕೇ ಸಾಗಿಸಲ್ಪಟ್ಟವರು ಸುಮಾರು 2 ಲಕ್ಷ 39 ಸಾವಿರ ಮಂದಿ. ಆದರೆ ಕಲೆಯನ್ನು ಬರೆದ ಗುಮಾಸ್ತನು ಆ ಗಾಯ ಹೇಗಾಯಿತೆಂದು ಕೇಳಲಿಲ್ಲ. ವಿಧವೆಯೋ, ಮನೆಯಿಂದ ತಳ್ಳಲ್ಪಟ್ಟವಳೋ, ಮೋಸಹೋದವಳೋ, ತಾನಾಗಿಯೇ ಹೊರಟವಳೋ, ಪತ್ರದಲ್ಲಿ ಅದಕ್ಕೆ ಅಂಕಣವಿಲ್ಲ. ಗಾಯುತ್ರರು ಬಿಹಾರದ ಹಳ್ಳಿಯನ್ನೂ ಹೊಕ್ಕುಬಂದರು. 2013ರಲ್ಲಿ ಅವರು ಪ್ರಕಟಿಸಿದ ‘ಕೂಲಿ ವುಮನ್’ ಎಂಬ ಗ್ರಂಥವು ಸುಜಾರಿಯಾಳಂಥ ಸಾವಿರಾರು ಹೆಂಗಸರ ಚರಿತ್ರೆಯಾಗಿ ಬೆಳೆಯಿತು. ಮುತ್ತಜ್ಜಿಯ ಕಾಲಿನ ಕಲೆಯನ್ನು ಅರಿತ ಮರಿಮೊಮ್ಮಗಳಿಗೆ ಮುತ್ತಜ್ಜಿಯ ಬಾಯಿಂದ ಬಂದ ಒಂದು ಮಾತು ಕೂಡ ಸಿಕ್ಕಲಿಲ್ಲ.

ಇದು ಬಿಹಾರದ ಕಥೆ ಮಾತ್ರವಲ್ಲ. ಕಲಕತ್ತೆಯ ಹಾಗೆಯೇ ಮದರಾಸಿನಿಂದಲೂ ಹಡಗುಗಳು ಹೊರಡುತ್ತಿದ್ದವು. ‘ಟ್ರೂರೋ’ ಎಂಬ ಹಡಗು ಮದರಾಸಿನ ಕೂಲಿಗಳನ್ನು ಹೊತ್ತು 1860ರ ನವೆಂಬರ್ 16ರಂದು ದಕ್ಷಿಣ ಆಫ್ರಿಕದ ಡರ್ಬನ್ ಬಂದರನ್ನು ಸೇರಿತು. ಅಲ್ಲಿಂದ 1911ರವರೆಗೆ ನಟಾಲಿನ ಕಬ್ಬಿನ ತೋಟಗಳಿಗೆ ಹೋದವರು ಒಂದೂವರೆ ಲಕ್ಷಕ್ಕೂ ಹೆಚ್ಚು. ಅವರಲ್ಲಿ ಬಹುಮಂದಿ ತಮಿಳರು, ತೆಲುಗರು. ಮೈಸೂರು ಸೀಮೆಯವರೂ ಇದ್ದರು. ಕನ್ನಡದ ಊರಹೆಸರನ್ನು ಇಂಗ್ಲಿಷ್ ಗುಮಾಸ್ತನು ತನ್ನ ಕಿವಿಗೆ ಬಿದ್ದಂತೆ ಬರೆದುಕೊಂಡ ಪಟ್ಟಿಗಳಲ್ಲಿ ಅವರು ಇದ್ದಾರೆ.

ಹಾಗೆ ಹೋದವನ ಮನೆಯಲ್ಲಿ ಏನಾಯಿತೆಂಬುದನ್ನು ಊಹಿಸುವುದು ಕಷ್ಟವಲ್ಲ. ಸಂತೆಗೆ ಹೋದವನು ಬರಲಿಲ್ಲ ಎಂದಷ್ಟೇ ಅವರಿಗೆ ಗೊತ್ತು. ದೇಶಾಂತರ ಹೋಗಿ ಹನ್ನೆರಡು ವರ್ಷ ಸುದ್ದಿಯಿಲ್ಲದವನಿಗೆ ಮುತ್ತುಗದ ಎಲೆಗಳಿಂದ ಪ್ರತಿಮೆಯನ್ನು ಮಾಡಿ, ಅದನ್ನೇ ದಹಿಸಿ, ಉತ್ತರಕ್ರಿಯೆಯನ್ನು ನಡೆಸಬೇಕೆಂದು ಶಾಸ್ತ್ರ. ಶಾಸ್ತ್ರವನ್ನು ನಡೆಸುವ ಅನುಕೂಲವಿಲ್ಲದ ಮನೆಗಳಲ್ಲಿ ಹೆಂಡತಿಯ ಬಳೆ ಒಡೆಸಿದರೆ ತೀರಿತು. ಇತ್ತ ಮನೆಯವರು ಎಳ್ಳುನೀರು ಬಿಟ್ಟ ದಿನ ಅತ್ತ ಅವನು ಕಬ್ಬಿನ ಗದ್ದೆಯಲ್ಲಿ ಬದುಕಿ, ಮತ್ತೊಂದು ಸಂಸಾರವನ್ನು ಹೂಡಿದ್ದಿರಬಹುದು. ಊರಿನ ವಂಶವೃಕ್ಷದಲ್ಲಿ ಅವನ ಕೊಂಬೆಗೆ ‘ಸಂತಾನವಿಲ್ಲ’ ಎಂದು ಬರೆದು ಗೆರೆ ಎಳೆದಿರುತ್ತಾರೆ.

ಆ ಕೊಂಬೆಯ ಚಿಗುರುಗಳು ಈಗ ಡರ್ಬನ್ನಿನಿಂದ ಇತ್ತ ಹುಡುಕುತ್ತ ಬರುತ್ತಿವೆ. ಅವರ ಕೈಯಲ್ಲಿ ಹಡಗಿನ ಪಟ್ಟಿಯ ಒಂದು ಸಾಲಿನ ನಕಲಿರುತ್ತದೆ: ಕೂಲಿಯ ಸಂಖ್ಯೆ, ಹೆಸರು, ವಯಸ್ಸು, ಜಾತಿ, ಜಿಲ್ಲೆ, ತಾಲ್ಲೂಕು, ಹಳ್ಳಿ, ಮೈಮೇಲಿನ ಗುರುತು. ಹೆಸರಿನ ಪಕ್ಕದಲ್ಲಿ ಇನ್ನೂ ಒಂದು ಅಂಕಣವುಂಟು. ಅದು ತಂದೆಯ ಹೆಸರಿನದು. ಊರಿನಲ್ಲಿ ಉಳಿದ ಅಣ್ಣನ ಮರಿಮಕ್ಕಳು ಕಾಗದದ ಮೇಲೆ ಪ್ರಶ್ನಾರ್ಥಕ ಚಿಹ್ನೆಯನ್ನು ಹಾಕಿ ಬಿಟ್ಟಿದ್ದಾರಲ್ಲ, ಆ ಮುತ್ತಜ್ಜನ ಅಪ್ಪನ ಹೆಸರು ಅದೇ.